ಪಿತೂರಿಯ ಕಥನ, ಕೂಟಶಾಸನ ಮತ್ತು ನಮ್ಮ ಓದು

ಕೆಲವು ತಿಂಗಳುಗಳ ಹಿಂದೆ ಸಂಶೋಧನ ವಿದ್ಯಾರ್ಥಿಯೊಬ್ಬರು ತಮ್ಮ ಮಹಾಪ್ರಬಂಧದ ಒಂದು ಅಧ್ಯಾಯವನ್ನು ಅಧ್ಯಾಪಕರ ಸಭೆಯಲ್ಲಿ ಮಂಡಿಸಿದರು. ಜನಪ್ರಿಯ ಬರಹಗಳಲ್ಲಿಯೂ ಮೊಬೈಲುಗಳಲ್ಲಿ ಓಡಾಡುವ ಸಂದೇಶಗಳಲ್ಲಿಯೂ ಕಾಣಿಸಿಕೊಳ್ಳುವ ಗುಮಾನಿಯ ಕಥೆಗಳು ಅವರ ವಸ್ತು. ಜಗತ್ತಿನ ಸರ್ಕಾರಗಳನ್ನೂ ಬ್ಯಾಂಕುಗಳನ್ನೂ ಯುದ್ಧಗಳನ್ನೂ ತೆರೆಮರೆಯಲ್ಲಿ ನಿಂತು ಆಡಿಸುವವರು ಫ್ರೀಮೇಸನ್ನರು ಎಂಬ ಕಥೆಗೆ ಅಲ್ಲಿ ಪ್ರಧಾನ ಸ್ಥಾನವಿತ್ತು. ಅಧಿಕಾರವಿಲ್ಲದ ಜನ ಅಧಿಕಾರದ ಬಗ್ಗೆ ಕಟ್ಟಿಕೊಂಡ ‘ಪರ್ಯಾಯ ಚರಿತ್ರೆ’ ಇದು ಎಂಬುದು ಅವರ ಪ್ರತಿಪಾದನೆ. ಸಭೆಯಲ್ಲಿದ್ದ ಹಿರಿಯರೊಬ್ಬರು, ‘ಇದು ನಿಜವೇನಪ್ಪಾ?’ ಎಂದು ಸರಳವಾಗಿ ಕೇಳಿದರು. ‘ಸತ್ಯಾಸತ್ಯತೆ ನನ್ನ ಪ್ರಶ್ನೆಯಲ್ಲ ಸರ್, ಕಥನ ಮಾತ್ರ ನನ್ನ ಪ್ರಶ್ನೆ’ ಎಂಬ ಉತ್ತರ ಬಂತು. ಸಮಾಧಾನದಿಂದ ತಲೆದೂಗಿದವರಲ್ಲಿ ನಾನೂ ಒಬ್ಬ. ಆ ವಾಕ್ಯವನ್ನು ಅವರು ಕಲಿತದ್ದು ನನ್ನ ತರಗತಿಯಲ್ಲಿಯೇ. ಈ ಟಿಪ್ಪಣಿ ಆ ತಲೆದೂಗುವಿಕೆಯ ಬಗ್ಗೆ ಎದ್ದ ಅನುಮಾನದಿಂದ ಹುಟ್ಟಿದ್ದು.

ಕಳೆದ ಮೂರು ನಾಲ್ಕು ದಶಕಗಳಲ್ಲಿ ಕನ್ನಡ ಸಂಶೋಧನೆಯು ‘ಚರಿತ್ರೆ ಒಂದಲ್ಲ, ಹಲವು’ ಎಂಬ ತಿಳಿವಳಿಕೆಯಿಂದ ಪಡೆದ ಲಾಭ ಅಪಾರವಾದುದು. ಮೌಖಿಕ ಕಾವ್ಯ, ಐತಿಹ್ಯ, ಸ್ಥಳಪುರಾಣ, ಕುಲಕಥನಗಳನ್ನು ನಾವು ಗೌರವದಿಂದ ಓದಲು ಕಲಿತದ್ದು ಈ ದಾರಿಯಲ್ಲಿಯೇ. ಆ ಲಾಭವನ್ನು ಕಳೆದುಕೊಳ್ಳಬೇಕೆಂದು ನಾನು ಹೇಳುತ್ತಿಲ್ಲ. ಆದರೆ ಮಂಟೇಸ್ವಾಮಿಯ ಕಥನವನ್ನು ಓದುವ ಕ್ರಮದಲ್ಲಿಯೇ ಫ್ರೀಮೇಸನ್ ಪಿತೂರಿಯ ಕಥನವನ್ನೂ ಓದಬಹುದೆಂದು ಭಾವಿಸುವುದು ತಪ್ಪು. ಮೊದಲನೆಯದು ಸಮುದಾಯವೊಂದರ ನಾಲಿಗೆಯ ಮೇಲೆ ತಲೆಮಾರುಗಳ ಕಾಲ ಬೆಳೆದದ್ದು. ಎರಡನೆಯದು ಹೆಸರು ಗೊತ್ತಿರುವ ವ್ಯಕ್ತಿಗಳು, ದಿನಾಂಕ ಗೊತ್ತಿರುವ ಸಂದರ್ಭಗಳಲ್ಲಿ, ಉದ್ದೇಶಪೂರ್ವಕವಾಗಿ ಬರೆದು ಮಾರಿದ ಮುದ್ರಿತ ಸರಕು.

ಫ್ರೀಮೇಸನ್ನರ ಸಂಘಟನೆಯ ಬಗ್ಗೆ ಇಲ್ಲಿ ಹೆಚ್ಚು ಹೇಳಬೇಕಾದ ಅಗತ್ಯವಿಲ್ಲ. ಸಾಂಪ್ರದಾಯಿಕ ಲೆಕ್ಕದಂತೆ 1717ರಲ್ಲಿ ಲಂಡನ್ನಿನಲ್ಲಿ ಮೊದಲ ಗ್ರ್ಯಾಂಡ್ ಲಾಡ್ಜ್ ಸ್ಥಾಪನೆಯಾಯಿತು. 1723ರಲ್ಲಿ ಜೇಮ್ಸ್ ಆಂಡರ್ಸನ್ ರೂಪಿಸಿದ ನಿಯಮಗ್ರಂಥ ಅಚ್ಚಾಯಿತು. (ಲಾಡ್ಜ್ ಎಂದರೆ ನಮ್ಮ ಊರುಗಳ ಬಸ್ ನಿಲ್ದಾಣದ ಎದುರಿನ ವಸತಿಗೃಹವೆಂದು ತಿಳಿದ ವಿದ್ಯಾರ್ಥಿಗಳು ಈ ಪದ ಕೇಳಿ ನಗುವುದುಂಟು.) ಕಲ್ಲುಕುಟಿಗರ ಮೂಲೆಮಟ್ಟ, ಕೈವಾರಗಳನ್ನು ನೀತಿಯ ಸಂಕೇತಗಳಾಗಿಸಿ, ಹಂತಹಂತವಾಗಿ ದೀಕ್ಷೆ ನೀಡುವ ಪುರುಷರ ಕೂಟ ಅದು. ಬೆಡಗಿನ ವಚನಗಳನ್ನೂ ಅವುಗಳ ಟೀಕೆಗಳನ್ನೂ ಓದಿದವರಿಗೆ ಈ ಮರೆಮಾತಿನ ಕ್ರಮ ಅಪರಿಚಿತವಲ್ಲ. ಗಮನಿಸಬೇಕಾದ ಸಂಗತಿಯೆಂದರೆ, 1730ರಷ್ಟು ಹಿಂದೆಯೇ ಸ್ಯಾಮ್ಯುಯೆಲ್ ಪ್ರಿಚರ್ಡ್ ಎಂಬಾತ ಅವರ ದೀಕ್ಷಾವಿಧಿಯ ಪ್ರಶ್ನೋತ್ತರಗಳನ್ನೆಲ್ಲ ಅಚ್ಚು ಹಾಕಿಸಿ ಮಾರಿದ್ದ. ಗುಟ್ಟು ಅಂದೇ ಬಯಲಾಗಿತ್ತು. ಉಳಿದದ್ದು ಗುಟ್ಟಿದೆ ಎಂಬ ಭಾವನೆ ಮಾತ್ರ. 1738ರಲ್ಲಿ 12ನೆಯ ಕ್ಲೆಮೆಂಟ್ ಪೋಪರು ಹೊರಡಿಸಿದ ನಿಷೇಧಾಜ್ಞೆಯು ಸಂಘದ ಗೋಪ್ಯತೆಯನ್ನು ಖಂಡಿಸುತ್ತಲೇ, ನಿಷೇಧಕ್ಕೆ ತಮಗೆ ತಿಳಿದಿರುವ ಬೇರೆ ನ್ಯಾಯವಾದ ಕಾರಣಗಳೂ ಇವೆಯೆಂದು ಹೇಳಿ ಅವನ್ನು ತಿಳಿಸದೆ ಬಿಡುತ್ತದೆ. ಗೋಪ್ಯತೆಯನ್ನು ಗೋಪ್ಯ ಕಾರಣಗಳಿಂದ ನಿಷೇಧಿಸಿದ ಈ ಪಠ್ಯ ಅಲಂಕಾರಶಾಸ್ತ್ರದ ವಿದ್ಯಾರ್ಥಿಗೆ ಒಳ್ಳೆಯ ಉದಾಹರಣೆಯಾದೀತು.

ಫ್ರೆಂಚ್ ಕ್ರಾಂತಿಯ ನಂತರ ಈ ಭಾವನೆಗೆ ಒಂದು ಚರಿತ್ರೆಯ ಚೌಕಟ್ಟು ದೊರೆಯಿತು. ಲಂಡನ್ನಿಗೆ ವಲಸೆ ಬಂದಿದ್ದ ಫ್ರೆಂಚ್ ಪಾದ್ರಿ ಬಾರ್ವೆಲ್ ಮತ್ತು ಎಡಿನ್‌ಬರೋದ ಪ್ರಾಧ್ಯಾಪಕ ಜಾನ್ ರಾಬಿಸನ್ ಇಬ್ಬರೂ 1797ರಲ್ಲಿ, ಪರಸ್ಪರ ಸಂಬಂಧವಿಲ್ಲದೆಯೇ, ಕ್ರಾಂತಿಯನ್ನು ನಡೆಸಿದ್ದು ಹಸಿವಲ್ಲ, ತೆರಿಗೆಯಲ್ಲ, ಫ್ರೀಮೇಸನ್ನರ ಒಳಗೆ ನುಸುಳಿದ ಇಲ್ಯುಮಿನಾಟಿ ಎಂಬ ಗುಂಪು ಎಂದು ಬರೆದರು. ಬವೇರಿಯಾದಲ್ಲಿ 1776ರಲ್ಲಿ ಆಡಮ್ ವೈಸ್‌ಹಾಪ್ಟ್ ಸ್ಥಾಪಿಸಿದ ಆ ಗುಂಪನ್ನು ಅಲ್ಲಿನ ಪ್ರಭುತ್ವ 1784-85ರಲ್ಲಿಯೇ ನಿಷೇಧಿಸಿ ಚದುರಿಸಿತ್ತು. ಸತ್ತ ಸಂಘವೇ ಪಿತೂರಿಯ ಕಥನಕ್ಕೆ ಹೆಚ್ಚು ಅನುಕೂಲ. ಅದು ಅಲ್ಲಗಳೆಯಲು ಎದ್ದು ಬರುವುದಿಲ್ಲ. ಇಲ್ಲಿ ಮಾತನಾಡುತ್ತಿರುವವರು ಯಾರು? ಅಧಿಕಾರವಿಲ್ಲದವರಲ್ಲ. ಕುಸಿದ ಅರಸೊತ್ತಿಗೆಯ ಹಾಗೂ ಚರ್ಚಿನ ಪರವಾಗಿ ನಿಂತ ವಿದ್ವಾಂಸರು. ನಮ್ಮ ವಿದ್ಯಾರ್ಥಿಯ ‘ಪರ್ಯಾಯ ಚರಿತ್ರೆ’ ಎಂಬ ಪದ ಮೊದಲ ಹೆಜ್ಜೆಯಲ್ಲಿಯೇ ಎಡವುತ್ತದೆ.

ಈ ಪರಂಪರೆಯಲ್ಲಿ ಅತ್ಯಂತ ಬೋಧಪ್ರದವಾದುದು ಲಿಯೊ ತಾಕ್ಸಿಲ್‌ನ ಪ್ರಕರಣ. 1854ರಲ್ಲಿ ಮಾರ್ಸೇಲ್ಸ್‌ನಲ್ಲಿ ಹುಟ್ಟಿದ ಈ ಪತ್ರಕರ್ತ ಮೊದಲು ಪಾದ್ರಿಗಳನ್ನು ಹೀಯಾಳಿಸುವ ಪುಸ್ತಕಗಳಿಂದ ಜೀವನ ಮಾಡಿದವನು. 1884ರಲ್ಲಿ 13ನೆಯ ಲಿಯೊ ಪೋಪರು ಫ್ರೀಮೇಸನ್ನರನ್ನು ಖಂಡಿಸುವ ಸುತ್ತೋಲೆ ಹೊರಡಿಸಿದರು. ಮರುವರ್ಷ ತಾಕ್ಸಿಲ್ ಪಶ್ಚಾತ್ತಾಪ ಘೋಷಿಸಿ ಚರ್ಚಿಗೆ ಮರಳಿದ. 1887ರಲ್ಲಿ ಪೋಪರ ದರ್ಶನವೂ ಅವನಿಗೆ ದೊರೆಯಿತು. ಫ್ರೀಮೇಸನ್ನರ ಒಳಗಿನ ಒಳಗೆ ‘ಪಲ್ಲಾಡಿಯಂ’ ಎಂಬ ಸೈತಾನಾರಾಧಕ ಕೂಟವಿದೆಯೆಂದೂ, ಅಮೆರಿಕದ ಚಾರ್ಲ್ಸ್‌ಟನ್‌ನಲ್ಲಿದ್ದ ಆಲ್ಬರ್ಟ್ ಪೈಕ್ ಅದರ ಪರಮಾಧಿಕಾರಿಯೆಂದೂ ಅವನು ಕಥೆ ಕಟ್ಟಿದ. 1892ರಿಂದ ಕಂತುಗಳಲ್ಲಿ ಬಂದ, ‘ಡಾಕ್ಟರ್ ಬತಾಯ್’ ಎಂಬ ಹಡಗಿನ ವೈದ್ಯನ ಹೆಸರಿನ ಬೃಹತ್ ಕೃತಿಯಲ್ಲಿ ರೆಕ್ಕೆಯಿರುವ ಮೊಸಳೆಯ ರೂಪದ ಪಿಶಾಚಿ ಬಂದು ಪಿಯಾನೊ ನುಡಿಸುತ್ತದೆ. ಜಿಬ್ರಾಲ್ಟರಿನ ಗುಹೆಗಳಲ್ಲಿ ರೋಗಾಣುಗಳ ಕಾರ್ಖಾನೆಯಿದೆ. ಇವನ್ನೆಲ್ಲ ಬಿಷಪ್ಪರು ಓದಿದರು, ನಂಬಿದರು. ಪಲ್ಲಾಡಿಯಂನಿಂದ ಹೊರಬಂದವಳೆಂದು ಹೇಳಲಾದ ಡಯಾನಾ ವಾನ್ ಎಂಬ ಮಹಿಳೆಯ ಆತ್ಮಕಥನವೂ ಪ್ರಕಟವಾಯಿತು. 1896ರಲ್ಲಿ ಟ್ರೆಂಟ್ ನಗರದಲ್ಲಿ ಸೇರಿದ ಫ್ರೀಮೇಸನ್ ವಿರೋಧಿ ಸಮ್ಮೇಳನದಲ್ಲಿ ಅಂಥ ವ್ಯಕ್ತಿ ಇದ್ದಾಳೆಯೇ ಇಲ್ಲವೇ ಎಂಬುದೇ ಗಂಭೀರ ಚರ್ಚೆಯಾಯಿತು. 1897ರ ಏಪ್ರಿಲ್ 19ರಂದು ಪ್ಯಾರಿಸ್ಸಿನ ಭೂಗೋಳ ಸಂಘದ ಸಭಾಂಗಣದಲ್ಲಿ, ಡಯಾನಾಳನ್ನು ಕಾಣಲೆಂದು ಬಂದ ಪಾದ್ರಿಗಳು ಮತ್ತು ಪತ್ರಕರ್ತರ ಎದುರು ತಾಕ್ಸಿಲ್ ಒಬ್ಬನೇ ನಿಂತು, ಹನ್ನೆರಡು ವರ್ಷಗಳ ಈ ವ್ಯವಹಾರವೆಲ್ಲ ತಾನು ಹೂಡಿದ ತಮಾಷೆಯೆಂದು ಒಪ್ಪಿಕೊಂಡ. ಸಹಕರಿಸಿದ ಧರ್ಮಗುರುಗಳಿಗೆ ಧನ್ಯವಾದವನ್ನೂ ಹೇಳಿದ.

ನಮ್ಮ ಓದಿಗೆ ಇದರಲ್ಲಿ ಇನ್ನೊಂದು ವಿಶೇಷವಿದೆ. ಡಾಕ್ಟರ್ ಬತಾಯ್ ಸಿಂಹಳ, ಪುದುಚೇರಿ, ಕಲ್ಕತ್ತೆಗಳಲ್ಲಿ ಸಂಚರಿಸಿ ಸೈತಾನನ ಗುಡಿಗಳನ್ನೂ ವಿಕಾರ ವಿಧಿಗಳನ್ನೂ ಕಣ್ಣಾರೆ ಕಂಡದ್ದಾಗಿ ಬರೆಯುತ್ತಾನೆ. ಪ್ಯಾರಿಸ್ಸಿನ ಓದುಗನಿಗೆ ತನ್ನ ಬೀದಿಯ ಲಾಡ್ಜಿನ ಬಗ್ಗೆ ಹೇಳಿದ್ದರೆ ಪರೀಕ್ಷಿಸಿ ನೋಡಬಹುದಿತ್ತು; ಕಲ್ಕತ್ತೆಯ ಬಗ್ಗೆ ಏನು ಹೇಳಿದರೂ ನಡೆಯುತ್ತಿತ್ತು. ಎಡ್ವರ್ಡ್ ಸೈದ್ ವಿವರಿಸಿದ ಪ್ರಾಚ್ಯವಾದಿ ಕಲ್ಪನೆಗೆ ಇದಕ್ಕಿಂತ ಒರಟು ನಿದರ್ಶನ ಸಿಗಲಾರದು. ಇಂದು ಅದೇ ಕಥೆಯ ಚೂರುಗಳು ಕನ್ನಡಕ್ಕೆ ಬಂದು ‘ಪಾಶ್ಚಾತ್ಯರ ಒಳಸಂಚನ್ನು ಬಯಲು ಮಾಡುವ’ ಸಾಹಸವೆಂದು ಕರೆಸಿಕೊಳ್ಳುತ್ತವೆ. ನಮ್ಮ ಗುಡಿಗಳನ್ನೇ ಸೈತಾನನ ಗುಡಿಗಳೆಂದು ಬಣ್ಣಿಸಿದ ಪಠ್ಯದ ತುಣುಕುಗಳನ್ನು ನಾವೇ ವಸಾಹತುಶಾಹಿ ವಿರೋಧದ ಹೆಸರಿನಲ್ಲಿ ಸ್ವೀಕರಿಸುತ್ತಿದ್ದೇವೆ.

ಬರೆದವನೇ ಸುಳ್ಳೆಂದು ಒಪ್ಪಿಕೊಂಡ ಮೇಲೂ ಪಠ್ಯ ಸಾಯಲಿಲ್ಲ. ‘ಲೇಖಕನ ಸಾವಿನ’ ಬಗ್ಗೆ ನಾವು ತರಗತಿಗಳಲ್ಲಿ ಉತ್ಸಾಹದಿಂದ ಪಾಠ ಮಾಡಿದ್ದೇವೆ. ಇಲ್ಲಿ ಲೇಖಕ ಬದುಕಿದ್ದು, ವೇದಿಕೆ ಹತ್ತಿ ಕೂಗಿ ಹೇಳಿದರೂ ಕೇಳುವವರಿಲ್ಲ.

ಸ್ವಲ್ಪ ಕಾಲದಲ್ಲಿಯೇ ಬಂದ ಮತ್ತೊಂದು ಪಠ್ಯ ತಮಾಷೆಯಾಗಿ ಉಳಿಯಲಿಲ್ಲ. 1903ರಲ್ಲಿ ರಷ್ಯದ ಪತ್ರಿಕೆಯೊಂದರಲ್ಲಿ ಮೊದಲು ಅಚ್ಚಾದ ‘ಜಿಯಾನಿನ ಹಿರಿಯರ ನಡಾವಳಿಗಳು’ ಎಂಬ ಪಠ್ಯ, ಯಹೂದಿ ಮುಖಂಡರು ಫ್ರೀಮೇಸನ್ ಲಾಡ್ಜುಗಳನ್ನು ಮುಸುಕಾಗಿ ಬಳಸಿ ಜಗತ್ತನ್ನು ಆಳಲು ಹೊರಟಿದ್ದಾರೆಂದು ಹೇಳುತ್ತದೆ. 1921ರ ಆಗಸ್ಟ್‌ನಲ್ಲಿ ಲಂಡನ್ನಿನ ‘ಟೈಮ್ಸ್’ ಪತ್ರಿಕೆಯ ವರದಿಗಾರ ಫಿಲಿಪ್ ಗ್ರೇವ್ಸ್ ಇದರ ಬುಡವನ್ನು ಹಿಡಿದರು. ಫ್ರೆಂಚ್ ವಕೀಲ ಮೋರಿಸ್ ಜೋಲಿ 1864ರಲ್ಲಿ 3ನೆಯ ನೆಪೋಲಿಯನ್ನನನ್ನು ವಿಡಂಬಿಸಿ ಬರೆದ, ಮ್ಯಾಕಿಯವೆಲ್ಲಿ ಮತ್ತು ಮಾಂಟೆಸ್ಕ್ಯೂ ನರಕದಲ್ಲಿ ನಡೆಸುವ ಸಂವಾದದ ಪುಸ್ತಕದಿಂದ ಭಾಗಗಳನ್ನೇ ಎತ್ತಿ, ಮಾತನಾಡುವವರನ್ನು ಬದಲಿಸಲಾಗಿತ್ತು. ಮೂಲದಲ್ಲಿ ಯಹೂದಿ ಪಿತೂರಿಯ ಸುಳಿವೇ ಇಲ್ಲ. ಗ್ರೇವ್ಸ್ ಅನುಸರಿಸಿದ ವಿಧಾನ ಯಾವುದು? ಎರಡು ಪಠ್ಯಗಳನ್ನು ಅಕ್ಕಪಕ್ಕ ಇಟ್ಟು, ಸಾಲಿಗೆ ಸಾಲು ಹೋಲಿಸಿ, ಯಾವುದು ಮೂಲ, ಯಾವುದು ನಕಲು, ಎಲ್ಲಿ ಪ್ರಕ್ಷೇಪವೆಂದು ತೋರಿಸುವುದು. ಇದು ಡಿ. ಎಲ್. ನರಸಿಂಹಾಚಾರ್ಯರು ನಮಗೆ ಕಲಿಸಿಕೊಟ್ಟ ಗ್ರಂಥಸಂಪಾದನೆಯ ಕೆಲಸವಲ್ಲದೆ ಬೇರೆಯಲ್ಲ. ಇಂದು ಆ ಪತ್ರಿಕೆಯನ್ನು ಎಷ್ಟು ವಿಭಾಗಗಳಲ್ಲಿ ಆಸಕ್ತಿಯಿಂದ ಪಾಠ ಮಾಡಲಾಗುತ್ತಿದೆ ಎಂಬುದನ್ನು ನಮ್ಮನ್ನು ನಾವೇ ಕೇಳಿಕೊಳ್ಳುವುದು ಒಳ್ಳೆಯದು.

ಶಾಸನಶಾಸ್ತ್ರದಲ್ಲಿ ‘ಕೂಟಶಾಸನ’ ಎಂಬ ಪರಿಕಲ್ಪನೆಯಿದೆ. ಗಂಗರ ಹೆಸರಿನ ಹಲವು ತಾಮ್ರಪಟಗಳು ಖೋಟಾ ಎಂದು ಫ್ಲೀಟ್ ವಾದಿಸಿದಾಗ ರೈಸ್ ಅದನ್ನು ಒಪ್ಪಲಿಲ್ಲ. ವಾದ ಬಹುಕಾಲ ನಡೆಯಿತು. ಆದರೆ ಲಿಪಿಯ ಕಾಲವಾಗಲಿ ತಿಥಿವಾರಗಳ ಹೊಂದಾಣಿಕೆಯಾಗಲಿ ಮುಖ್ಯವಲ್ಲವೆಂದು ಇಬ್ಬರಲ್ಲಿ ಯಾರೂ ಹೇಳಲಿಲ್ಲ. ಕೂಟವೆಂದು ಸಿದ್ಧವಾದ ಶಾಸನವನ್ನು ನಾವು ಎಸೆಯುವುದೂ ಇಲ್ಲ. ಅದು ಹೇಳಿಕೊಳ್ಳುವ ಅರಸನ ಕಾಲಕ್ಕೆ ಸಾಕ್ಷ್ಯವಾಗುವುದಿಲ್ಲ, ಅದನ್ನು ಕೊರೆಸಿದವರ ಕಾಲಕ್ಕೆ, ಅವರಿಗಿದ್ದ ಭೂಮಿಯ ಆಸೆಗೆ ಸಾಕ್ಷ್ಯವಾಗುತ್ತದೆ. ಫ್ರೀಮೇಸನ್ ಪಿತೂರಿಯ ಪಠ್ಯಗಳನ್ನು ಓದಬೇಕಾದದ್ದು ಹೀಗೆ. ಕಥನವಾಗಿ ಓದುವುದಕ್ಕೆ ಮೊದಲು ಅದು ಕೂಟವೋ ಅಲ್ಲವೋ ಎಂಬುದು ಇತ್ಯರ್ಥವಾಗಬೇಕು. ಏಕೆಂದರೆ ಅದು ಯಾರ ಕಥನ ಎಂಬ ಪ್ರಶ್ನೆಗೆ ಉತ್ತರ ಆ ಇತ್ಯರ್ಥದಲ್ಲಿಯೇ ಇದೆ. ‘ಸತ್ಯಾಸತ್ಯತೆ ನನ್ನ ಪ್ರಶ್ನೆಯಲ್ಲ’ ಎಂದವರಿಗೆ ‘ಯಾರ ಕಥನ’ ಎಂದು ಕೇಳುವ ಅಧಿಕಾರವೂ ಉಳಿಯುವುದಿಲ್ಲ.

ಇದು ಕೇವಲ ವಿದ್ವತ್ತಿನ ಶಿಸ್ತಿನ ಮಾತಲ್ಲ. ಸ್ಪೇನಿನ ಸರ್ವಾಧಿಕಾರಿ ಫ್ರಾಂಕೊ 1940ರ ಮಾರ್ಚ್ 1ರಂದು ಫ್ರೀಮೇಸನ್ನರನ್ನೂ ಕಮ್ಯುನಿಸ್ಟರನ್ನೂ ದಮನಿಸುವ ಕಾನೂನು ತಂದು ವಿಶೇಷ ನ್ಯಾಯಮಂಡಳಿ ರಚಿಸಿದ. ದೇಶದಲ್ಲಿ ಎಂದೂ ಇದ್ದಿರಬಹುದಾದ ಸದಸ್ಯರ ಸಂಖ್ಯೆಗಿಂತ ಎಷ್ಟೋ ಪಟ್ಟು ಹೆಚ್ಚು ಜನರ ಮೇಲೆ ಕಡತಗಳು ತೆರೆದವು. ಸಾಲದೆಂಬಂತೆ ಅವನೇ ‘ಜಾಕಿನ್ ಬೂರ್’ ಎಂಬ ಗುಪ್ತನಾಮದಲ್ಲಿ ಫ್ರೀಮೇಸನ್ನರ ವಿರುದ್ಧ ಲೇಖನಗಳನ್ನು ಬರೆದ. ಗುಪ್ತಸಂಘದ ವಿರುದ್ಧ ಗುಪ್ತನಾಮದ ಬರಹ! ಪ್ರಭುತ್ವವೇ ಲೇಖಕನಾದ ಕಥನ ಇದು.

‘ಹಾಗಾದರೆ ಗುಮಾನಿಯೇ ತಪ್ಪೇ?’ ಎಂಬ ಆಕ್ಷೇಪ ಸಹಜ. ಖಂಡಿತ ಅಲ್ಲ. 1826ರಲ್ಲಿ ನ್ಯೂಯಾರ್ಕ್ ರಾಜ್ಯದ ಬಟೇವಿಯಾದಲ್ಲಿ ಫ್ರೀಮೇಸನ್ನರ ಗುಟ್ಟನ್ನು ಪ್ರಕಟಿಸಲು ಹೊರಟ ವಿಲಿಯಂ ಮಾರ್ಗನ್‌ನ ಅಪಹರಣ ನಡೆಯಿತು. ಅವನು ಮತ್ತೆ ಕಾಣಲಿಲ್ಲ. ವಿಚಾರಣೆಗಳಲ್ಲಿ ಹಗುರವಾದ ಶಿಕ್ಷೆಗಳಾದಾಗ, ಅಧಿಕಾರಿಗಳು ತಮ್ಮ ಸಂಘದ ಬಂಧುಗಳನ್ನು ಕಾಯುತ್ತಿದ್ದಾರೆಂದು ಜನ ಕೆರಳಿದ್ದು ನಿರಾಧಾರವಾಗಿರಲಿಲ್ಲ. 1981ರ ಮಾರ್ಚ್‌ನಲ್ಲಿ ಇಟಲಿಯ ಪೊಲೀಸರಿಗೆ ಲಿಚಿಯೊ ಜೆಲ್ಲಿಗೆ ಸೇರಿದ ಕಡೆ ‘ಪಿ-2’ ಲಾಡ್ಜಿನ 962 ಹೆಸರುಗಳ ಪಟ್ಟಿ ಸಿಕ್ಕಿತು. ಮಂತ್ರಿಗಳು, ಸೇನಾಧಿಕಾರಿಗಳು, ಗುಪ್ತಚರ ಮುಖ್ಯಸ್ಥರು, ಪತ್ರಕರ್ತರು ಅದರಲ್ಲಿದ್ದರು. ಸರ್ಕಾರ ಬಿತ್ತು, ಟೀನಾ ಅನ್ಸೆಲ್ಮಿಯವರ ಅಧ್ಯಕ್ಷತೆಯ ಸಂಸದೀಯ ಆಯೋಗ ತನಿಖೆ ನಡೆಸಿತು. ನಿಜವಾದ ಸಂಚಿಗೆ ಪಟ್ಟಿಯಿರುತ್ತದೆ, ಊರಿರುತ್ತದೆ, ಹಣದ ಲೆಕ್ಕವಿರುತ್ತದೆ. ಮುಖ್ಯವಾಗಿ ಅದು ಸೋಲುತ್ತದೆ, ಸಿಕ್ಕಿಬೀಳುತ್ತದೆ. ಕಥನದ ಪಿತೂರಿ ಎಂದೂ ಸೋಲುವುದಿಲ್ಲ. ಸಾಕ್ಷ್ಯ ಸಿಕ್ಕರೆ ಅದು ಪುರಾವೆ, ಸಿಗದಿದ್ದರೆ ಮುಚ್ಚಿಟ್ಟದ್ದಕ್ಕೆ ಪುರಾವೆ.

ಭಾರತದ ಸಂದರ್ಭಕ್ಕೆ ಬಂದರೆ, ಉತ್ತರದಲ್ಲಿ ಲಾಡ್ಜಿನ ಕಟ್ಟಡವನ್ನು ಜನ ‘ಜಾದೂಘರ್’ ಎಂದು ಕರೆಯುತ್ತಿದ್ದರು. ಸ್ವತಃ ಫ್ರೀಮೇಸನ್ ಆಗಿದ್ದ ಕಿಪ್ಲಿಂಗ್‌ನ ‘ಕಿಮ್’ ಕಾದಂಬರಿಯಲ್ಲಿಯೂ (1901) ಈ ಹೆಸರಿದೆ. ಬಾಗಿಲು ಮುಚ್ಚಿಕೊಂಡು ದೊರೆಗಳು ಏನು ಮಾಡುತ್ತಾರೆಂಬ ಈ ಜನಪದ ಕುತೂಹಲದಲ್ಲಿ ನಂಜಿಲ್ಲ. ಇದನ್ನು ಐತಿಹ್ಯವಾಗಿ ಓದುವುದಕ್ಕೆ ನನ್ನ ತಕರಾರಿಲ್ಲ. ಆದರೆ ಬಾಗಿಲಲ್ಲಿ ನಡೆಯುತ್ತಿದ್ದುದು ಮಾಟವಲ್ಲ. 1863ರಲ್ಲಿ ಕಲ್ಕತ್ತೆಯ ಪ್ರಸನ್ನಕುಮಾರ ದತ್ತ ಸದಸ್ಯತ್ವ ಕೋರಿದಾಗ, ಬಹುದೇವತಾರಾಧಕನಾದ ಹಿಂದೂ ಒಬ್ಬ ದೇವರನ್ನು ಸಾಕ್ಷಿಯಾಗಿಟ್ಟು ಹೇಗೆ ಪ್ರಮಾಣ ಮಾಡಬಲ್ಲ ಎಂಬ ಪ್ರಶ್ನೆ ಎತ್ತಿ ತಡೆಯಲಾಯಿತು. ಒಂಬತ್ತು ವರ್ಷಗಳ ಹೋರಾಟದ ನಂತರ 1872ರಲ್ಲಿ ಅವರಿಗೆ ಪ್ರವೇಶ ದೊರೆಯಿತು. ವಿಶ್ವಭ್ರಾತೃತ್ವವನ್ನು ಸಾರಿದ ಸಂಘವೊಂದು ವಸಾಹತಿನಲ್ಲಿ ಯಾರನ್ನು ಸೋದರರೆಂದು ಒಪ್ಪಿತು, ಯಾರನ್ನು ಒಪ್ಪಲಿಲ್ಲ ಎಂಬುದರ ಕಥೆ ದಾಖಲೆಗಳಲ್ಲಿದೆ. ಸೈತಾನನ ಕಥೆಯ ಅಬ್ಬರದಲ್ಲಿ ಅದು ಕೇಳಿಸುವುದಿಲ್ಲ. ಅಧಿಕಾರವನ್ನು ವಿಮರ್ಶಿಸಲು ಬಯಸುವವರೇ ಪಿತೂರಿಯ ಕಥನವನ್ನು ಎಲ್ಲರಿಗಿಂತ ಹೆಚ್ಚು ವಿರೋಧಿಸಬೇಕಾದದ್ದು ಈ ಕಾರಣಕ್ಕೆ.

ಆರಂಭದಲ್ಲಿ ಹೇಳಿದ ಅಧ್ಯಾಯವನ್ನು ಮತ್ತೊಮ್ಮೆ ಓದಿದೆ. ಅದರ ಏಳನೆಯ ಪುಟದಲ್ಲಿ ಆಲ್ಬರ್ಟ್ ಪೈಕ್ 1889ರ ಜುಲೈ 14ರಂದು ಲೂಸಿಫರನೇ ದೇವರೆಂದು ಘೋಷಿಸಿದನೆಂಬ ಹೇಳಿಕೆಯಿದೆ. ಅಡಿಟಿಪ್ಪಣಿಯಲ್ಲಿ ಇತ್ತೀಚಿನ ಇಂಗ್ಲಿಷ್ ಪುಸ್ತಕವೊಂದರ ಹೆಸರಿದೆ. ಆ ಹೇಳಿಕೆ ಮೊದಲು ಕಾಣುವುದು 1894ರಲ್ಲಿ ಆಬೆಲ್ ಕ್ಲಾರಾ ದ ಲಾ ರೀವ್ ಎಂಬ ಫ್ರೆಂಚ್ ಲೇಖಕನ ಪುಸ್ತಕದಲ್ಲಿ. ಅವನಿಗೆ ಅದು ಬಂದದ್ದು ತಾಕ್ಸಿಲ್ ಸೃಷ್ಟಿಸಿದ ಡಯಾನಾಳ ಕಡೆಯಿಂದ. 1897ರಲ್ಲಿ ತಾನು ಮೋಸಹೋದದ್ದನ್ನು ಅವನೂ ಒಪ್ಪಿಕೊಂಡ. ಮಂಡನೆಯ ದಿನ ಆ ಪುಟ ನನ್ನ ಮುಂದೆಯೇ ಇತ್ತು, ನಾನು ಕೇಳಲಿಲ್ಲ. ಈಗ ಅದರ ಅಂಚಿನಲ್ಲಿ ‘ಮೂಲ ಎಲ್ಲಿ?’ ಎಂದಷ್ಟೇ ಬರೆದು ವಿದ್ಯಾರ್ಥಿಗೆ ಹಿಂತಿರುಗಿಸಿದ್ದೇನೆ.