ಕಿಟಕಿಯ ಬದಿಯ ಆಸನ

ವಿಮಾನದ ಟಿಕೆಟನ್ನು ಕೊಳ್ಳುವವನು ಬೆಲೆಯನ್ನು ನಾಲ್ಕು ಕಡೆ ವಿಚಾರಿಸುತ್ತಾನೆ. ಹೊರಡುವ ವೇಳೆಯನ್ನು ಎರಡು ಬಾರಿ ನೋಡಿಕೊಳ್ಳುತ್ತಾನೆ. ಯಾವ ಬದಿಯ ಕಿಟಕಿಯಲ್ಲಿ ಕುಳಿತುಕೊಳ್ಳಬೇಕೆಂಬ ವಿಚಾರ ಮಾತ್ರ ಅವನಿಗೆ ಹೊಳೆಯುವುದೇ ಇಲ್ಲ. ಕಿಟಕಿ ಬೇಕೆನ್ನುವುದು ಮಕ್ಕಳ ಹಟವೆಂದು ಹಿರಿಯರು ನಗುವುದುಂಟು. ಈ ವಿಷಯದಲ್ಲಿ ಮಕ್ಕಳೇ ಹೆಚ್ಚು ವಿವೇಕಿಗಳು.

ಬೆಳಗಾವಿಯ ಉದಾಹರಣೆಯನ್ನೇ ತೆಗೆದುಕೊಳ್ಳಬಹುದು. ಎರಡನೆಯ ಮಹಾಯುದ್ಧದ ಕಾಲದಲ್ಲಿ, 1942ರಲ್ಲಿ, ನಗರದ ಪೂರ್ವಕ್ಕಿರುವ ಸಾಂಬ್ರಾ ಗ್ರಾಮದ ಬಳಿ ಇಲ್ಲಿಯ ವಿಮಾನ ನಿಲ್ದಾಣ ನಿರ್ಮಾಣವಾಯಿತು. ಬೆಂಗಳೂರು ಇಲ್ಲಿಂದ ಆಗ್ನೇಯಕ್ಕಿದೆ. ಆದುದರಿಂದ ಬೆಂಗಳೂರಿಗೆ ಹೊರಟ ವಿಮಾನದ ಬಲಗಡೆಗೆ ಸಹ್ಯಾದ್ರಿಯ ಸೆರಗು, ಎಡಗಡೆಗೆ ಬಯಲುಸೀಮೆ. ಬೆಳಗಿನ ಸೂರ್ಯ ಎಡಗಡೆಗಿರುತ್ತಾನೆ. ಬಲಗಡೆ ಕುಳಿತವನ ಕಣ್ಣು ಕುಕ್ಕುವುದಿಲ್ಲ. ಬೆಳಕು ಬೆಟ್ಟಗಳ ಮೇಲೆ ಬಿದ್ದು ಕಣಿವೆಗಳು ಸ್ಪಷ್ಟವಾಗುತ್ತವೆ. 2012ರಲ್ಲಿ ಉದ್ಘಾಟನೆಗೊಂಡ ಸುವರ್ಣ ವಿಧಾನಸೌಧವೂ ಅದೇ ಬದಿಗೆ. ಸಂಜೆ ಈ ಲೆಕ್ಕವೆಲ್ಲ ತಿರುವುಮುರುವಾಗುತ್ತದೆ. ಆಗ ಎಡಗಡೆಯೇ ಲೇಸು. ಸವದತ್ತಿಯ ಬಳಿಯ ನವಿಲುತೀರ್ಥ ಜಲಾಶಯ ಇರುವುದು ಆ ಕಡೆಗೆ. ಇದಕ್ಕೆ ಬೇಕಾದುದು ಶಾಲೆಯ ಗೋಡೆಯ ಮೇಲೆ ತೂಗುವ ಭೂಪಟವೊಂದೇ.

ರೆಕ್ಕೆ ಕಿಟಕಿಯ ಕೆಳಗಿರುವ ವಿಮಾನದಲ್ಲಿ ನಡುವಿನ ಸಾಲನ್ನು ಬಿಟ್ಟು ಮುಂದಣ ಅಥವಾ ಹಿಂದಣ ಸಾಲನ್ನು ಆರಿಸಿಕೊಳ್ಳಬೇಕು. ಮಳೆಗಾಲದಲ್ಲಿ ಯಾವ ಸಾಲಾದರೂ ಒಂದೇ. ಮೋಡದ ಹೊರತು ಮತ್ತೇನೂ ಕಾಣದು. ಮಳೆ ತೊಳೆದುಹೋದ ಕಾರ್ತಿಕದ ದಿನಗಳೇ ನೋಟಕ್ಕೆ ತಕ್ಕವು.

ಬಲಗಡೆಯ ಕಿಟಕಿಯಿಂದ ಕಾಣುವುದು ಬರಿಯ ಚೆಲುವಲ್ಲ. ಖಾನಾಪುರ ತಾಲ್ಲೂಕಿನ ಕಣಕುಂಬಿಯಲ್ಲಿ ಹುಟ್ಟಿದ ಮಲಪ್ರಭೆ ಪೂರ್ವಕ್ಕೆ ಹರಿದು, ಖಾನಾಪುರ ಪಟ್ಟಣವನ್ನು ಹಾದು, ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಸೇರುತ್ತದೆ. ಅದೇ ತಾಲ್ಲೂಕಿನ ಕಾಡಿನಲ್ಲಿ ಹುಟ್ಟಿದ ಮಹಾದಾಯಿ ಪಶ್ಚಿಮಕ್ಕೆ ತಿರುಗಿ ಗೋವೆಯಲ್ಲಿ ಮಾಂಡೋವಿಯಾಗುತ್ತದೆ. ಒಂದೇ ಮೋಡ ಸುರಿಸಿದ ಮಳೆಯಲ್ಲಿ ಒಂದು ಪಾಲು ಬಂಗಾಳ ಕೊಲ್ಲಿಗೆ, ಇನ್ನೊಂದು ಪಾಲು ಅರಬ್ಬೀ ಸಮುದ್ರಕ್ಕೆ! ಈ ಎರಡು ನೀರುಗಳ ನಡುವಣ ದಿಣ್ಣೆ ಎಷ್ಟು ಕಿರಿದೆಂಬುದು ನೆಲದ ಮೇಲೆ ನಿಂತವನಿಗೆ ತಿಳಿಯುವುದಿಲ್ಲ. ಮಹಾದಾಯಿಯ ನೀರಿನ ವ್ಯಾಜ್ಯ ನ್ಯಾಯಾಧಿಕರಣದ ಮುಂದೆ ಹೋಗಿ 2018ರಲ್ಲಿ ತೀರ್ಪು ಹೊರಬಿದ್ದರೂ ವಾದ ಅಡಗಲಿಲ್ಲ. ಆ ಕುರಿತು ಮಾತನಾಡುವವರು ಒಮ್ಮೆಯಾದರೂ ಬಲಗಡೆ ಕುಳಿತು ಕೆಳಗೆ ನೋಡುವುದು ಒಳ್ಳೆಯದು.

ಇಂಥ ಆಸನವನ್ನು ಹಿಡಿದು, ಕಿಟಕಿಯ ಪರದೆಯನ್ನು ಎಳೆದು ನಿದ್ದೆಹೋಗುವವರೂ ಇದ್ದಾರೆ. ದುಡಿದು ದಣಿದವನ ನಿದ್ದೆಯನ್ನು ಯಾರೂ ಆಕ್ಷೇಪಿಸಲಾರರು. ಆದರೆ ಪಕ್ಕದಲ್ಲಿ ಮೊದಲ ಸಲ ವಿಮಾನವೇರಿದ ವೃದ್ಧೆಯೊಬ್ಬಳು ಕತ್ತು ಚಾಚುತ್ತಿರುವಾಗ ಆ ನಿದ್ದೆಯನ್ನು ಒಂದು ಆಸನ ಆಚೆಗೆ ಸರಿಸಿಕೊಳ್ಳಬಾರದೇಕೆ?

ಮೇಲಿನಿಂದ ಎಲ್ಲವೂ ಕಾಣುತ್ತದೆಂಬುದೂ ಭ್ರಮೆಯೇ. 2011ರಲ್ಲಿ ವನ್ಯಜೀವಿಧಾಮವೆಂದು ಘೋಷಿತವಾದ ಭೀಮಗಡದ ಕಾಡು ಆಕಾಶದಿಂದ ಹಾಸಿದ ಹಸಿರು ಕಂಬಳಿಯಂತಿದೆ. ಆ ಕಂಬಳಿಯ ಅಡಿಯಲ್ಲಿ, ಮಳೆಗಾಲದಲ್ಲಿ ರೋಗಿಯನ್ನು ಹೆಗಲ ಮೇಲೆ ಹೊತ್ತು ರಸ್ತೆಗೆ ತರಬೇಕಾದ ಹಳ್ಳಿಗಳಿವೆ. ವಿಮಾನದ ಕಿಟಕಿ ನದಿಯ ದಾರಿಯನ್ನು ತೋರಿಸೀತು, ಈ ಕಾಲುದಾರಿಯನ್ನು ತೋರಿಸಲಾರದು. ಅದಕ್ಕೆ ಬೆಳಗಾವಿಯಿಂದ ಖಾನಾಪುರದ ಮೇಲೆ ಲೋಂಡಾಕ್ಕೆ ಹೋಗುವ ರೈಲನ್ನು ಹತ್ತಬೇಕು. ಹೆಂಚು ಹೊದಿಸಿದ ಮನೆಗಳನ್ನೂ ಮಣ್ಣಿನ ಕೆಂಪನ್ನೂ ಸಮೀಪದಿಂದ ನೋಡಬೇಕು. ಖಾನಾಪುರದಲ್ಲಿ ಇಳಿದು ಸ್ವಲ್ಪ ದೂರ ನಡೆಯಲೂ ಬೇಕು. ಆ ರೈಲಿನ ಸಾಮಾನ್ಯ ಡಬ್ಬಿಯಲ್ಲಿ ಕಿಟಕಿಗೆಂದು ಬೇರೆ ಹಣ ಕೇಳುವುದಿಲ್ಲ. ಮೊದಲು ಬಂದವನಿಗೆ ಮೊದಲ ಜಾಗ.