ಶಾಲೆಯ ಹೊಸ್ತಿಲಿಗೂ ಮುನ್ನ

ನಮ್ಮ ಶಾಲೆಯ ಸುವರ್ಣ ಮಹೋತ್ಸವದ ಸ್ಮರಣ ಸಂಚಿಕೆಗೆ ಹಳೆಯ ನೆನಪುಗಳನ್ನು ಬರೆದುಕೊಡಬೇಕೆಂದು ಸಂಪಾದಕ ಮಂಡಳಿಯ ಮಿತ್ರರು ಕೇಳಿಕೊಂಡರು. ಕಟ್ಟಡ ಎದ್ದು ನಿಂತ ಕಥೆಯನ್ನೂ ದಾನಿಗಳ ಔದಾರ್ಯವನ್ನೂ ನನಗಿಂತ ಸಮರ್ಥರು ಬರೆದಿರುತ್ತಾರೆ. ನಿವೃತ್ತ ಮುಖ್ಯೋಪಾಧ್ಯಾಯನಾದ ನಾನು ಬರೆಯಬಯಸುವುದು ಮಗು ಶಾಲೆಯ ಹೊಸ್ತಿಲನ್ನು ತುಳಿಯುವುದಕ್ಕೂ ಮೊದಲಿನ ಮೂರು ನಾಲ್ಕು ವರ್ಷಗಳ ವಿಚಾರವಾಗಿ. ಕನ್ನಡ ಶಾಲೆಯೊಂದರ ಮುಂದಿನ ಐವತ್ತು ವರ್ಷಗಳು ಈ ಊರಿನ ಮನೆಗಳ ಜಗಲಿಯಲ್ಲಿ ನಿರ್ಧಾರವಾಗುತ್ತವೆ ಎಂಬುದು ನನ್ನ ದೃಢವಾದ ಅಭಿಪ್ರಾಯ.

ಪ್ರತಿ ಜೂನ್ ತಿಂಗಳಲ್ಲಿ, ಸುರಿಯುವ ಮಳೆಯ ನಡುವೆ ಹೊಸ ಕೊಡೆ ಹಿಡಿದು ಒಂದನೆಯ ತರಗತಿಗೆ ಬರುವ ಮಕ್ಕಳನ್ನು ದಶಕಗಳ ಕಾಲ ನೋಡಿದವನು ನಾನು. ಕೆಲವು ಮಕ್ಕಳು ಕೇಳಿದ್ದಕ್ಕೆ ಉತ್ತರ ಕೊಟ್ಟು, ನನಗೇ ತಿರುಗಿ ಪ್ರಶ್ನೆ ಹಾಕುತ್ತಿದ್ದವು. ಇನ್ನು ಕೆಲವು, ಒಳ್ಳೆಯ ಬಟ್ಟೆ ತೊಟ್ಟು ಬಂದಿದ್ದರೂ, ತಿಂಗಳುಗಟ್ಟಲೆ ಬಾಯಿ ಬಿಡುತ್ತಿರಲಿಲ್ಲ. ಈ ವ್ಯತ್ಯಾಸಕ್ಕೆ ಸಿರಿತನ ಬಡತನಗಳೇ ಕಾರಣವೆಂದು ಮೊದಮೊದಲು ಭಾವಿಸಿದ್ದೆ. ಆ ಭಾವನೆಯನ್ನು ತಿದ್ದಿದವಳು ಒಬ್ಬ ಪುಟ್ಟ ಬಾಲಕಿ. ಅವಳ ಅಜ್ಜಿ ಬೀಡಿ ಕಟ್ಟಿ ಸಂಸಾರ ನಡೆಸುತ್ತಿದ್ದವರು, ಅಕ್ಷರ ಬಾರದವರು. ಹುಡುಗಿ ಮೊದಲ ದಿನವೇ ತುಳುವಿನಲ್ಲಿ ಇಪ್ಪತ್ತೈದರವರೆಗೆ ತಪ್ಪಿಲ್ಲದೆ ಎಣಿಸಿ ನಿಲ್ಲಿಸಿದಳು. “ಮುಂದೆ?” ಎಂದೆ. “ಮುಂದೆ ಕಟ್ಟು ಹಾಕಬೇಕು ಮಾಸ್ಟ್ರೇ” ಎಂದಳು. ಇಪ್ಪತ್ತೈದು ಬೀಡಿಗೆ ಒಂದು ಕಟ್ಟು! ಅಜ್ಜಿಯ ಮೊರದ ಬದಿಯಲ್ಲಿ ಕುಳಿತು ಅವಳು ಲೆಕ್ಕವನ್ನು ಮಾತ್ರ ಕಲಿತಿರಲಿಲ್ಲ. ಕೇಳುವುದನ್ನು, ಕಾಯುವುದನ್ನು, ತಾನು ಹೇಳಿದ್ದನ್ನು ಕೇಳುವವರಿದ್ದಾರೆಂಬ ಧೈರ್ಯವನ್ನು ಕಲಿತಿದ್ದಳು. ಕನ್ನಡದ ಅಂಕೆಗಳನ್ನು ಕಲಿಯಲು ಅವಳಿಗೆ ಒಂದು ವಾರ ಸಾಕಾಯಿತು.

ಅನುಭವದಿಂದ ನಾನು ಕಂಡುಕೊಂಡದ್ದನ್ನು ಶಾಸ್ತ್ರವೂ ಹೇಳುತ್ತದೆ. ಐದು ವರ್ಷ ತುಂಬುವಷ್ಟರಲ್ಲಿ ಮಗುವಿನ ಮಿದುಳು ದೊಡ್ಡವರ ಮಿದುಳಿನ ಗಾತ್ರದ ಸುಮಾರು ಶೇಕಡಾ 90ರಷ್ಟು ಬೆಳೆದಿರುತ್ತದೆ. ಎಳೆಯ ಶಿಶುವಿನ ಕಿವಿ ಲೋಕದ ಅನೇಕ ಭಾಷೆಗಳ ಧ್ವನಿಭೇದಗಳನ್ನು ಗುರುತಿಸಬಲ್ಲದು. ವರ್ಷ ತುಂಬುವ ಹೊತ್ತಿಗೆ ಅದು ತನ್ನ ಸುತ್ತ ಕೇಳಿಬರುವ ಭಾಷೆಗಳಿಗೆ ಒಗ್ಗಿ, ಉಳಿದವುಗಳಿಗೆ ಮಂದವಾಗತೊಡಗುತ್ತದೆ. ಅಮೆರಿಕದ ಪೆಟ್ರೀಷಿಯಾ ಕುಲ್ ಎಂಬ ವಿದುಷಿಯೂ ಅವರ ಸಂಗಡಿಗರೂ 2003ರಲ್ಲಿ ಪ್ರಕಟಿಸಿದ ಒಂದು ಪ್ರಯೋಗ ಮನನೀಯವಾಗಿದೆ. ಇಂಗ್ಲಿಷ್ ಮನೆಮಾತಿನ ಒಂಬತ್ತು ತಿಂಗಳ ಶಿಶುಗಳ ಎದುರು ಕುಳಿತು, ಆಟವಾಡಿಸುತ್ತ ಚೀನೀ ಭಾಷೆಯಲ್ಲಿ ಮಾತನಾಡಿದಾಗ ಅವು ಆ ಭಾಷೆಯ ಧ್ವನಿಗಳನ್ನು ಗುರುತಿಸಲು ಕಲಿತವು. ಅಂಥದೇ ಮಾತನ್ನು ದೂರದರ್ಶನದ ಪರದೆಯಲ್ಲಿ ನೋಡಿ ಕೇಳಿದ ಶಿಶುಗಳು ಕಲಿಯಲಿಲ್ಲ. ಕಿವಿಗೆ ಬಿದ್ದುದೆಲ್ಲ ಪಾಠವಾಗುವುದಿಲ್ಲ. ಎದುರಿಗೆ ಒಂದು ಮುಖ ಬೇಕು, ಮಗುವಿನ ತೊದಲಿಗೆ ಮರುನುಡಿ ಬೇಕು.

ನಮ್ಮ ಹಿರಿಯ ಹೆಂಗಸರು ಇದನ್ನು ಪುಸ್ತಕ ಓದಿ ತಿಳಿದವರಲ್ಲ. ಎಳೆಗೂಸನ್ನು ಅಡಿಕೆ ಹಾಳೆಯಲ್ಲಿ ಮಲಗಿಸಿ, ಎಣ್ಣೆ ತಿಕ್ಕಿ ಬಿಸಿನೀರಿನಲ್ಲಿ ಮೀಯಿಸುವಾಗ, ಕೈ, ಕಾಲು, ಮೂಗು, ಕಿವಿ ಎಂದು ಒಂದೊಂದನ್ನೂ ಹೆಸರಿಸಿ ಮಾತನಾಡಿಸುತ್ತಿದ್ದರು. ಶಿಶುವಿನ ‘ಊಂ’ ಎಂಬ ದನಿಗೂ ಉತ್ತರವಿತ್ತು. ಹಾಗೆಂದು ಹಿಂದಿನದೆಲ್ಲವೂ ಚೆನ್ನಾಗಿತ್ತೆಂದು ನಾನು ಹೇಳಲಾರೆ. ಅದೇ ಮನೆಗಳಲ್ಲಿ ನಾಗರಬೆತ್ತವೂ ಇತ್ತು, ಹೆಣ್ಣುಮಗುವೆಂಬ ತಾತ್ಸಾರವೂ ಇತ್ತು, ಮಕ್ಕಳೊಡನೆ ಮಾತನಾಡದಿರುವುದೇ ಗಾಂಭೀರ್ಯವೆಂದು ತಿಳಿದ ತಂದೆಯರೂ ಇದ್ದರು.

ಅಂಥ ತಂದೆಯರಲ್ಲಿ ನಾನೂ ಒಬ್ಬ ಎಂಬುದನ್ನು ಇಲ್ಲಿ ಒಪ್ಪಿಕೊಳ್ಳಬೇಕು. ಇಡೀ ದಿನ ಊರಿನ ಮಕ್ಕಳೊಡನೆ ಮಾತನಾಡಿ ದಣಿದು ಮನೆ ಸೇರಿದರೆ, ಅಂಬೆಗಾಲಿಡುತ್ತ ಬಂದ ನನ್ನ ಮಗನಿಗೆ ದೊರೆಯುತ್ತಿದ್ದುದು ‘ಗಲಾಟೆ ಮಾಡಬೇಡ’ ಎಂಬ ಒಂದು ಮಾತು. ‘ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ’ ಎಂಬ ಗಾದೆಯನ್ನು ಪೋಷಕರ ಸಭೆಗಳಲ್ಲಿ ಎಷ್ಟೋ ಸಲ ಉದ್ಧರಿಸಿದ್ದೇನೆ. ಗಿಡಕ್ಕೆ ಬಗ್ಗಿಸುವುದಕ್ಕಿಂತ ನೀರೆರೆಯುವುದು ಮುಖ್ಯವೆಂದು ನನಗೆ ಹೊಳೆದುದು ಮೊಮ್ಮಗಳು ಹುಟ್ಟಿದ ಮೇಲೆ. ಇಂದಿಗೂ ನನ್ನ ಮಗ ನನ್ನೊಡನೆ ಬೇಕಾದಷ್ಟೇ ಮಾತನಾಡುತ್ತಾನೆ. ತಪ್ಪು ಅವನದಲ್ಲ.

ಇಂದಿನ ಮನೆಗಳಲ್ಲಿ ಬೆತ್ತ ಮರೆಯಾಗುತ್ತಿದೆ, ಸಂತೋಷ. ಆದರೆ ಮೌನ ಬೇರೊಂದು ವೇಷದಲ್ಲಿ ಬಂದಿದೆ. ಮೊಬೈಲಿನ ಚಿತ್ರ ಓಡದೆ ಮಗು ತುತ್ತಿಗೆ ಬಾಯಿ ತೆರೆಯುವುದಿಲ್ಲ. ಎರಡು ವರ್ಷ ತುಂಬದ ಮಕ್ಕಳಿಗೆ ಪರದೆ ಸಲ್ಲದು, ನಾಲ್ಕು ವರ್ಷದವರೆಗೆ ದಿನಕ್ಕೆ ಒಂದು ತಾಸಿಗಿಂತ ಹೆಚ್ಚು ಕೂಡದು ಎಂದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಸೂಚಿಸಿದೆ. ಗಲ್ಫ್ ದೇಶದಲ್ಲಿ ದುಡಿಯುವ ತಂದೆ ವಿಡಿಯೋ ಕರೆಯಲ್ಲಿ ಮಗುವಿನ ಹೆಸರು ಹಿಡಿದು ಕರೆದು, ಅದರ ನಗುವಿಗೆ ನಗುವುದು ಬೇರೆ. ಗಂಟೆಗಟ್ಟಲೆ ತಾನೇ ತಾನಾಗಿ ಓಡುವ ಚಿತ್ರ ಬೇರೆ. ಹಗಲಿಡೀ ದುಡಿದು ಬಂದ ತಾಯಿಯೊಬ್ಬಳನ್ನೇ ಇದಕ್ಕಾಗಿ ದೂಷಿಸುವುದೂ ನ್ಯಾಯವಲ್ಲ. ಮನೆಯಲ್ಲಿ ಗಂಡಸರೂ ಇದ್ದಾರೆ, ನನ್ನಂಥ ಮುದುಕರೂ ಇದ್ದಾರೆ.

ಗಡಿನಾಡಿನವರಾದ ನಮಗೆ ಈ ಮಾತು ಇನ್ನೂ ಗುರುತರವಾದುದು. 1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿದಂದಿನಿಂದ ನಾವು ಮನವಿಗಳನ್ನು ಬರೆಯುತ್ತ ಬಂದಿದ್ದೇವೆ. ಬರೆಯಬೇಕಾದುದೂ ಸರಿಯೇ. ಆದರೆ ತೊಟ್ಟಿಲ ಬಳಿ ಇಂಥ ಭಾಷೆಯಲ್ಲೇ ಮಾತನಾಡಬೇಕೆಂದು ಯಾವ ಸರಕಾರವೂ ಆಜ್ಞೆ ಹೊರಡಿಸಿಲ್ಲ. ಅದನ್ನು ಬಿಟ್ಟುಕೊಡುತ್ತಿರುವವರು ನಾವೇ. ಹೆತ್ತವರು ತಮಗೆ ಸಲೀಸಾಗಿ ಬರುವ ಮಾತನ್ನು ಬದಿಗಿಟ್ಟು, ನಾಲ್ಕಾರು ಇಂಗ್ಲಿಷ್ ಪದಗಳಿಂದ ಮಗುವನ್ನು ಬೆಳೆಸಹೊರಟರೆ, ಅದಕ್ಕೆ ದೊರೆಯುವುದು ಅರೆಹೊಟ್ಟೆಯ ಊಟ. ಮನೆಯಲ್ಲಿ ತುಳುವಿರಲಿ, ಹವ್ಯಕವಿರಲಿ, ಕೊಂಕಣಿಯಿರಲಿ, ಮರಾಟಿಯಿರಲಿ, ಮಲಯಾಳವಿರಲಿ, ಅದು ತುಂಬಿ ಹರಿಯಲಿ. ಮನೆಮಾತು ಬಲವಾಗಿದ್ದ ಮಕ್ಕಳು ನಮ್ಮ ಶಾಲೆಯಲ್ಲಿ ಕನ್ನಡವನ್ನು ಬೇಗನೆ ಕಲಿತರು. ರಾಜ್ಯದ ಭಾಷೆಯಾದ ಮಲಯಾಳವನ್ನೂ ಇಂಗ್ಲಿಷನ್ನೂ ಹಿಂದುಳಿಯದೆ ಕಲಿತರು.

ಆದುದರಿಂದ ಶಾಲೆಯ ಆಡಳಿತ ಮಂಡಳಿಯವರಲ್ಲಿ ನನ್ನದೊಂದು ವಿನಂತಿ. ದಾಖಲಾತಿಯ ಸಮಯದಲ್ಲಿ ಮಾತ್ರ ಮನೆಮನೆಗೆ ಹೋಗುವ ಬದಲು, ಹಸುಗೂಸುಗಳಿರುವ ಮನೆಯವರನ್ನು ವರ್ಷಕ್ಕೆರಡು ಸಲವಾದರೂ ಶಾಲೆಗೆ ಕರೆಯಿರಿ. ತಂದೆಯರೂ ಅಜ್ಜಂದಿರೂ ಬರಲೇಬೇಕೆನ್ನಿ. ಕಥೆ ಹೇಳಬಲ್ಲ ಹಿರಿಯರನ್ನು ಹುಡುಕಿ ಕೂರಿಸಿ. ಇದಕ್ಕೆ ಹಣ ಬೇಡ, ಮನಸ್ಸು ಬೇಕು.

ನಾನಂತೂ ಮೂರು ವರ್ಷದ ಮೊಮ್ಮಗಳನ್ನು ದಿನವೂ ಸಂಜೆ ತೋಟಕ್ಕೆ ಕರೆದೊಯ್ಯುತ್ತೇನೆ. ಬಿದ್ದ ಹಾಳೆಯ ಮೇಲೆ ಕೂರಿಸಿ ಎಳೆಯುತ್ತೇನೆ. ಹತ್ತು ಹೆಜ್ಜೆಗೊಮ್ಮೆ ನಿಲ್ಲಿಸಿ, “ಅಜ್ಜಾ, ಉಂದು ದಾದ?” ಎಂದು ಕೇಳುತ್ತಾಳೆ. ಇದೇನೆಂದು ನಾನು ಹೇಳುತ್ತೇನೆ. ಮಗನಿಗೆ ಕೊಡದೆ ಉಳಿಸಿಕೊಂಡ ಮಾತುಗಳನ್ನೆಲ್ಲ ಅವಳಿಗೆ ಕೊಟ್ಟು ಮುಗಿಸುವಷ್ಟು ಆಯುಷ್ಯವನ್ನು ದೇವರು ದಯಪಾಲಿಸಲಿ. ನಮ್ಮ ಶಾಲೆ ಶತಮಾನೋತ್ಸವವನ್ನೂ ಕಾಣಲಿ ಎಂದು ಹೃತ್ಪೂರ್ವಕವಾಗಿ ಹಾರೈಸುತ್ತೇನೆ.