ತಪ್ಪಿಲ್ಲದ ಅಪಘಾತವೂ ಅರ್ಜಿಯಲ್ಲಿರಬೇಕು

ಅಮೆರಿಕದಲ್ಲಿ ಟ್ರಕ್ ಚಾಲಕನ ಕೆಲಸಕ್ಕೆ ಅರ್ಜಿ ಹಾಕುವವನು ಹಿಂದಿನ ಮೂರು ವರ್ಷಗಳಲ್ಲಿ ತಾನು ಸಿಲುಕಿದ ಎಲ್ಲ ವಾಹನ ಅಪಘಾತಗಳನ್ನು, ಪ್ರತಿಯೊಂದರ ದಿನಾಂಕ, ಸ್ವರೂಪ ಮತ್ತು ಅದರಲ್ಲಾದ ಸಾವುನೋವುಗಳ ವಿವರದೊಂದಿಗೆ ಬರೆದುಕೊಡಬೇಕೆಂದು ಅಲ್ಲಿನ ಫೆಡರಲ್ ನಿಯಮಾವಳಿಯ 391.21ನೆಯ ಕಲಮು ವಿಧಿಸುತ್ತದೆ. ತಪ್ಪು ಯಾರದೆಂಬ ಪ್ರಶ್ನೆಯನ್ನು ಆ ಕಲಮು ಎತ್ತುವುದೇ ಇಲ್ಲ. ಚಾಲಕ ತೂಕಡಿಸಿ ಎದುರಿನ ಕಾರಿಗೆ ಗುದ್ದಿದ್ದರೂ, ಕೆಂಪು ದೀಪಕ್ಕೆ ನಿಂತಿದ್ದ ಅವನ ಟ್ರಕ್ಕಿಗೆ ಬೇರೆಯವರು ಬಂದು ಗುದ್ದಿದ್ದರೂ ಅರ್ಜಿಯಲ್ಲಿ ಎರಡಕ್ಕೂ ಇರುವುದು ಒಂದೇ ಕೋಷ್ಟಕ. ತನ್ನ ತಪ್ಪಿಲ್ಲದ, ಪೊಲೀಸರು ದಂಡವನ್ನೂ ಹಾಕದ ಘಟನೆಯೊಂದನ್ನು ತಾನಾಗಿ ಹೇಳಿಕೊಂಡು ಸಿಗಬಹುದಾದ ಕೆಲಸವನ್ನು ಏಕೆ ಕಳೆದುಕೊಳ್ಳಬೇಕೆಂಬ ಸಂದೇಹ ಚಾಲಕರಲ್ಲಿ ಹುಟ್ಟುವುದು ಸಹಜವೇ ಆಗಿದೆ. ಹೇಳಲೇಬೇಕು ಎಂಬುದು ಇಲ್ಲಿನ ನಿಲುವು. ಆದರೆ ಹೇಳುವುದನ್ನು ಕಡ್ಡಾಯ ಮಾಡಿರುವ ವ್ಯವಸ್ಥೆ, ಹೇಳಿದ್ದನ್ನು ಓದಿ ತೂಗಿನೋಡುವ ಕೆಲಸವನ್ನು ಕಂಪನಿಗಳ ಮರ್ಜಿಗೆ ಬಿಟ್ಟಿರುವುದು ಚಾಲಕರಿಗೆ ಮಾಡಿದ ಅನ್ಯಾಯವೆಂಬುದನ್ನೂ ಅಷ್ಟೇ ಸ್ಪಷ್ಟವಾಗಿ ಹೇಳಬೇಕಾಗಿದೆ.

ವಾಣಿಜ್ಯ ವಾಹನವೊಂದು ಸಿಲುಕಿದ ಯಾವ ಘಟನೆಯನ್ನು ಅಪಘಾತವೆಂದು ಎಣಿಸಬೇಕು ಎಂಬುದನ್ನು ಅದೇ ನಿಯಮಾವಳಿಯ 390.5ನೆಯ ಕಲಮು ನಿರ್ಧರಿಸುತ್ತದೆ. ಅದರ ಪ್ರಕಾರ ಘಟನೆಯಲ್ಲಿ ಯಾರಾದರೂ ಸತ್ತಿರಬೇಕು, ಅಥವಾ ಗಾಯಗೊಂಡವರನ್ನು ಕೂಡಲೇ ಚಿಕಿತ್ಸೆಗೆ ಬೇರೆಡೆಗೆ ಒಯ್ದಿರಬೇಕು, ಅಥವಾ ಯಾವುದಾದರೊಂದು ವಾಹನ ಓಡಲಾರದಷ್ಟು ಜಖಂಗೊಂಡು ಅದನ್ನು ಟೋ ಮಾಡಿ ಸಾಗಿಸಿರಬೇಕು. ಈ ಮೂರನೆಯ ಷರತ್ತು ಕೆಲಸ ಮಾಡುವ ಬಗೆಯನ್ನು ತುಸು ಹತ್ತಿರದಿಂದ ನೋಡಬೇಕು. ಟ್ರೇಲರಿನ ಹಿಂಭಾಗದಲ್ಲಿ, ಕಾರುಗಳು ಅಡಿಗೆ ನುಗ್ಗದಂತೆ ತಡೆಯಲು ಒಂದು ಉಕ್ಕಿನ ಅಡ್ಡಪಟ್ಟಿ ಇರುತ್ತದೆ. ನಿಂತ ಟ್ರೇಲರಿನ ಆ ಪಟ್ಟಿಗೆ ಬಂದು ಬಡಿದ ಕಾರಿನ ರೇಡಿಯೇಟರ್ ಒಡೆದು ನೀರು ಸೋರಿದರೆ ಕಾರನ್ನು ಟೋ ಮಾಡಲೇಬೇಕಾಗುತ್ತದೆ. ಪಟ್ಟಿಯ ಬಣ್ಣವಷ್ಟೇ ಕೆತ್ತಿಹೋಗಿ ಟ್ರಕ್ಕು ತನ್ನ ದಾರಿ ಹಿಡಿದು ಹೋದರೂ, ಟ್ರಕ್ ಚಾಲಕನ ಲೆಕ್ಕಕ್ಕೆ ಒಂದು ಅಪಘಾತ ಸೇರುತ್ತದೆ. ಯಾರಿಗೂ ಗಾಯವಾಗದೆ, ಆ ಕಾರು ತಾನೇ ಓಡಿಕೊಂಡು ಹೋಗುವ ಸ್ಥಿತಿಯಲ್ಲಿದ್ದರೆ ಕಾನೂನಿನ ದೃಷ್ಟಿಯಲ್ಲಿ ಅದು ಅಪಘಾತವೇ ಅಲ್ಲ. ಎರಡೂ ಸಂದರ್ಭಗಳಲ್ಲಿ ಟ್ರಕ್ ಚಾಲಕನ ನಡತೆಯಲ್ಲಿ ಎಳ್ಳಷ್ಟೂ ವ್ಯತ್ಯಾಸವಿಲ್ಲ ಎಂಬುದನ್ನು ಗಮನಿಸಬೇಕು.

ಅನೇಕ ಕಂಪನಿಗಳ ಅರ್ಜಿ ನಮೂನೆಗಳು ಇದಕ್ಕಿಂತಲೂ ವಿಸ್ತಾರವಾದ ಪ್ರಶ್ನೆ ಕೇಳಿ, ತಪ್ಪು ಯಾರದೇ ಇದ್ದರೂ, ಸ್ವಂತ ಕಾರಿನಲ್ಲಿ ಆಗಿದ್ದರೂ, ಚಿಕ್ಕಪುಟ್ಟ ತರಚು ಮಾತ್ರವಾಗಿದ್ದರೂ ಬರೆಯಿರಿ ಎನ್ನುತ್ತವೆ. ಆದುದರಿಂದ ಚಾಲಕ ಉತ್ತರಿಸಬೇಕಾದದ್ದು ಮುಂದಿರುವ ಹಾಳೆಯ ಪ್ರಶ್ನೆಗೆ, ತನಗೆ ನ್ಯಾಯವೆಂದು ತೋರುವ ಪ್ರಶ್ನೆಗಲ್ಲ.

ಮುಚ್ಚಿಟ್ಟರೆ ಮುಚ್ಚಿಯೇ ಇರುತ್ತದೆ ಎಂಬ ನಂಬಿಕೆಗೂ ಆಧಾರವಿಲ್ಲ. ಪ್ರತಿಯೊಂದು ಸಾಗಣೆ ಕಂಪನಿಯೂ ತನ್ನ ವಾಹನಗಳ ಅಪಘಾತಗಳನ್ನು ಒಂದು ದಾಖಲೆ ಪುಸ್ತಕದಲ್ಲಿ ನಮೂದಿಸಿ ಮೂರು ವರ್ಷ ಇಟ್ಟುಕೊಳ್ಳಬೇಕು. ಹೊಸ ಕಂಪನಿ ಚಾಲಕನ ಹಿಂದಿನ ಮೂರು ವರ್ಷಗಳ ಮಾಲೀಕರನ್ನು ವಿಚಾರಿಸಬೇಕು. ಹಳೆಯ ಮಾಲೀಕರು 30 ದಿನಗಳೊಳಗೆ ಉತ್ತರಿಸಬೇಕು. ಇದರ ಜೊತೆಗೆ, ಫೆಡರಲ್ ಮೋಟರ್ ಕ್ಯಾರಿಯರ್ ಸೇಫ್ಟಿ ಅಡ್ಮಿನಿಸ್ಟ್ರೇಷನ್ ಎಂಬ ಸರ್ಕಾರಿ ಸಂಸ್ಥೆ 2010ರಲ್ಲಿ ಆರಂಭಿಸಿದ, ‘ಪಿಎಸ್‌ಪಿ’ ಎಂದು ಕರೆಯಲಾಗುವ ನೇಮಕಪೂರ್ವ ಪರಿಶೀಲನಾ ಯೋಜನೆಯಿದ್ದು, ಅದರ ವರದಿಯಲ್ಲಿ ಚಾಲಕನ ಐದು ವರ್ಷಗಳ ಅಪಘಾತಗಳೂ ಮೂರು ವರ್ಷಗಳ ರಸ್ತೆಬದಿ ತಪಾಸಣೆಗಳೂ ಇರುತ್ತವೆ. ಚಾಲಕನ ಲಿಖಿತ ಒಪ್ಪಿಗೆ ಪಡೆದು ಕಂಪನಿಗಳು ಅದನ್ನು ತರಿಸಿಕೊಳ್ಳುತ್ತವೆ. ಅರ್ಜಿಯ ಕೊನೆಯಲ್ಲಿ, ಬರೆದದ್ದೆಲ್ಲ ಸತ್ಯವೂ ಪೂರ್ಣವೂ ಆಗಿದೆ ಎಂಬ ಘೋಷಣೆಯ ಕೆಳಗೆ ಚಾಲಕನ ಸಹಿ ಇರುತ್ತದೆ. ಅರ್ಜಿಯಲ್ಲಿಲ್ಲದ ಅಪಘಾತವೊಂದು ವರದಿಯಲ್ಲಿ ಕಂಡರೆ ನೇಮಕ ಮಾಡುವವರ ಮನಸ್ಸಿನಲ್ಲಿ ಪ್ರಶ್ನೆಯೇ ಬದಲಾಗುತ್ತದೆ. ಯಾರು ಯಾರಿಗೆ ಗುದ್ದಿದರು ಎಂಬುದು ಹಿಂದೆ ಸರಿದು, ಈತ ಸುಳ್ಳು ಬರೆದನೇ ಎಂಬುದು ಮುಂದೆ ಬರುತ್ತದೆ. ಅಪಘಾತದಲ್ಲಿ ನಿರ್ದೋಷಿಯಾಗಿದ್ದವನು ಅರ್ಜಿಯಲ್ಲಿ ದೋಷಿಯಾಗುವುದಕ್ಕಿಂತ ಹೆಚ್ಚಿನ ನಷ್ಟ ಚಾಲಕನ ವೃತ್ತಿಯಲ್ಲಿ ವಿರಳ.

ಹೀಗಿದ್ದರೂ ಚಾಲಕರ ಭಯ ಹುಸಿಯೆಂದು ತಳ್ಳಿಹಾಕುವುದು ಸಲ್ಲದು. ಪಿಎಸ್‌ಪಿ ವರದಿ ಚಾಲಕ ಅಪಘಾತದಲ್ಲಿ ಸಿಲುಕಿದ್ದನೆಂಬುದನ್ನು ಮಾತ್ರ ದಾಖಲಿಸುತ್ತದೆಯೇ ಹೊರತು ಹೊಣೆಯನ್ನು ನಿರ್ಣಯಿಸುವುದಿಲ್ಲ. ಕಂಪನಿಗಳು, ಮತ್ತು ಅವುಗಳ ಬೆನ್ನಿಗಿರುವ ವಿಮಾ ಸಂಸ್ಥೆಗಳು, ಇಷ್ಟು ವರ್ಷಗಳಲ್ಲಿ ಇಷ್ಟು ಅಪಘಾತಗಳಿಗಿಂತ ಹೆಚ್ಚಿರಬಾರದೆಂಬ ಮಿತಿಯಿಟ್ಟು ಅರ್ಜಿಗಳನ್ನು ಸೋಸುವಾಗ, ಗುದ್ದಿದವನೂ ಗುದ್ದಿಸಿಕೊಂಡವನೂ ಒಂದೇ ಜರಡಿಯಲ್ಲಿ ಉಳಿದುಹೋಗುವ ಅಪಾಯವಿದೆ. ಸಾಗಣೆ ಉದ್ಯಮ ‘ತಪ್ಪು’ ಎಂಬ ಅಳತೆಗೋಲಿನ ಪಕ್ಕದಲ್ಲಿ ‘ತಪ್ಪಿಸಬಹುದಾಗಿತ್ತೇ’ ಎಂಬ ಇನ್ನೊಂದನ್ನೂ ಬಳಸುತ್ತದೆ: ಕಾನೂನಿನ ಪ್ರಕಾರ ತಪ್ಪಿಲ್ಲದಿದ್ದರೂ, ಎಚ್ಚರದ ಚಾಲಕನೊಬ್ಬ ವೇಗ ತಗ್ಗಿಸಿಯೋ ಅಂತರ ಕಾಯ್ದುಕೊಂಡೋ ಅಪಘಾತವನ್ನು ತಪ್ಪಿಸಬಹುದಾಗಿದ್ದರೆ ಅದು ಅವನ ಲೆಕ್ಕಕ್ಕೇ ಬರುತ್ತದೆ. ಸುರಕ್ಷತೆಯ ದೃಷ್ಟಿಯಿಂದ ಈ ಅಳತೆಗೋಲು ಸರಿಯಾದದ್ದೇ. ಆದರೆ ಅದನ್ನು ಹಿಡಿದು ಅಳೆಯಲು ಪೊಲೀಸ್ ವರದಿಯನ್ನು, ಚಿತ್ರಗಳನ್ನು, ಡ್ಯಾಶ್‌ಕ್ಯಾಮಿನ ದೃಶ್ಯವನ್ನು ಯಾರಾದರೂ ಕುಳಿತು ನೋಡಬೇಕು. ಅಪಘಾತಗಳ ಸಂಖ್ಯೆಯನ್ನಷ್ಟೇ ನೋಡುವ ನೇಮಕ ಕಚೇರಿ ಆ ಕೆಲಸ ಮಾಡುವುದಿಲ್ಲ.

ಇಂಥ ಪರಿಶೀಲನೆ ಅಸಾಧ್ಯವೇನೂ ಅಲ್ಲವೆಂಬುದನ್ನು ಅದೇ ಸರ್ಕಾರಿ ಸಂಸ್ಥೆ ತೋರಿಸಿಕೊಟ್ಟಿದೆ. 2017ರಲ್ಲಿ ಪ್ರಾಯೋಗಿಕವಾಗಿ ಆರಂಭವಾಗಿ 2020ರಲ್ಲಿ ಕಾಯಂ ಆದ ಒಂದು ಯೋಜನೆಯಡಿ, ಹಿಂದಿನಿಂದ ಬಂದು ಗುದ್ದಿದ್ದು, ವಿರುದ್ಧ ದಿಕ್ಕಿನಲ್ಲಿ ಬಂದು ಗುದ್ದಿದ್ದು ಮುಂತಾದ ನಿರ್ದಿಷ್ಟ ಬಗೆಯ ಅಪಘಾತಗಳಿಗೆ ಸಂಬಂಧಿಸಿದಂತೆ ಕಂಪನಿಯಾಗಲಿ ಚಾಲಕನಾಗಲಿ ‘ಡೇಟಾಕ್ಯೂಸ್’ ಎಂಬ ಜಾಲತಾಣದ ಮೂಲಕ ಪೊಲೀಸ್ ವರದಿಯನ್ನು ಸಲ್ಲಿಸಿ ಪರಿಶೀಲನೆ ಕೋರಬಹುದು; ‘ತಪ್ಪಿಸಲಾಗದ್ದು’ ಎಂಬ ನಿರ್ಣಯ ಬಂದರೆ ಅದು ಚಾಲಕನ ಪಿಎಸ್‌ಪಿ ವರದಿಯಲ್ಲೂ ನಮೂದಾಗುತ್ತದೆ. 2024ರ ಡಿಸೆಂಬರ್‌ನಲ್ಲಿ ಈ ಯೋಜನೆ ವಿಸ್ತಾರಗೊಂಡು, ಘಟನಾಕ್ರಮವನ್ನು ತೋರಿಸುವ ವಿಡಿಯೊ ಇರುವ ಇತರ ಅಪಘಾತಗಳಿಗೂ ಬಾಗಿಲು ತೆರೆಯಿತು. ಆದರೆ ಇಲ್ಲಿಯೂ ಅರ್ಜಿ ಹಾಕಿದವರಿಗಷ್ಟೇ ಪರಿಹಾರವಿದೆ. 391.21ನೆಯ ಕಲಮಿಗೇ ಒಂದು ಅಂಶವನ್ನು ಸೇರಿಸಿ, ಚಾಲಕ ತಿಳಿಸಿದ ಅಪಘಾತದ ಕಾರಣಕ್ಕೆ ಕೆಲಸ ನಿರಾಕರಿಸುವ ಕಂಪನಿ ಪೊಲೀಸ್ ವರದಿಯನ್ನು ಓದಿರಲೇಬೇಕೆಂದು ವಿಧಿಸುವುದು ನ್ಯಾಯವಾದ ಬೇಡಿಕೆ.

ಕರ್ನಾಟಕದ ಹೆದ್ದಾರಿಗಳಲ್ಲಿಯೂ ‘ದೊಡ್ಡ ಗಾಡಿಯವನದೇ ತಪ್ಪು’ ಎಂಬ ತೀರ್ಪು ಪೊಲೀಸರು ಬರುವ ಮುನ್ನವೇ ಹೊರಬೀಳುವುದನ್ನು ಬಲ್ಲ ಓದುಗರಿಗೆ ಈ ಭಯ ಅಪರಿಚಿತವಲ್ಲ. ನಿರ್ಲಕ್ಷ್ಯದ ಚಾಲನೆಯಿಂದ ಸಾವಿಗೆ ಕಾರಣನಾಗಿ ತಿಳಿಸದೆ ಪರಾರಿಯಾಗುವ ಚಾಲಕನಿಗೆ ಹತ್ತು ವರ್ಷಗಳವರೆಗಿನ ಸೆರೆವಾಸ ವಿಧಿಸುವ ಭಾರತೀಯ ನ್ಯಾಯ ಸಂಹಿತೆಯ 106(2)ನೆಯ ಉಪವಿಧಿಯನ್ನು ವಿರೋಧಿಸಿ 2024ರ ಜನವರಿಯಲ್ಲಿ ಲಾರಿ ಚಾಲಕರು ಮುಷ್ಕರ ಹೂಡಿದಾಗ, ಸ್ಥಳದಲ್ಲಿ ನಿಂತರೆ ಜನ ಹೊಡೆಯುತ್ತಾರೆ ಎಂಬುದೇ ಅವರ ಮುಖ್ಯ ಅಳಲಾಗಿತ್ತು. ಅದೇ ವರ್ಷದ ಜುಲೈ 1ರಂದು ಸಂಹಿತೆ ಜಾರಿಗೆ ಬಂದಾಗ ಆ ಉಪವಿಧಿಯನ್ನು ಜಾರಿಗೊಳಿಸಲಿಲ್ಲ. ಪ್ರಾಮಾಣಿಕವಾಗಿ ಹೇಳಿಕೊಂಡವನಿಗೆ ರಕ್ಷಣೆಯಿಲ್ಲದಿದ್ದರೆ ಹೇಳಬೇಕೆಂಬ ಕಾನೂನಿನ ಬಲ ಅರ್ಧಕ್ಕಿಳಿಯುತ್ತದೆ.

ವ್ಯವಸ್ಥೆ ಬದಲಾಗುವವರೆಗೆ ಚಾಲಕನ ಕೈಯಲ್ಲಿರುವುದು ದಾಖಲೆಗಳು. ಅರ್ಜಿಯ ಕೋಷ್ಟಕದಲ್ಲಿ ‘ತಪ್ಪು ನನ್ನದಲ್ಲ’ ಎಂದಷ್ಟೇ ಬರೆಯುವುದಕ್ಕಿಂತ, ಸಿಗ್ನಲಿನಲ್ಲಿ ನಿಂತಿದ್ದಾಗ ಟ್ರೇಲರಿನ ಹಿಂಭಾಗಕ್ಕೆ ಕಾರು ಗುದ್ದಿತು, ಗಾಯ ಯಾರಿಗೂ ಆಗಲಿಲ್ಲ, ದಂಡ ಬಿದ್ದದ್ದು ಕಾರಿನ ಚಾಲಕನಿಗೆ, ಪೊಲೀಸ್ ವರದಿಯ ಪ್ರತಿ ಲಗತ್ತಿಸಿದೆ ಎಂದು ಬರೆದರೆ ಓದುವವರಿಗೆ ಪರಿಶೀಲಿಸಲು ಏನಾದರೂ ಸಿಗುತ್ತದೆ. ಅರ್ಜಿ ಹಾಕುವ ಮೊದಲೇ 10 ಡಾಲರ್ ತೆತ್ತು ತನ್ನ ಪಿಎಸ್‌ಪಿ ವರದಿಯನ್ನು ತಾನೇ ತರಿಸಿ ನೋಡುವುದೂ ಒಳ್ಳೆಯದು. ಕೆಲಸ ನಿರಾಕರಿಸಲಾದ ಚಾಲಕ, ಹಳೆಯ ಮಾಲೀಕರು ತನ್ನ ಬಗ್ಗೆ ಏನು ತಿಳಿಸಿದ್ದಾರೆಂಬುದನ್ನು ತೋರಿಸುವಂತೆ ನಿರಾಕರಣೆಯ ಸೂಚನೆ ಬಂದ 30 ದಿನಗಳೊಳಗೆ ಲಿಖಿತವಾಗಿ ಕೇಳಬಹುದು, ತಪ್ಪಿದ್ದರೆ ತಿದ್ದಿಸಬಹುದು, ಹಳೆಯ ಮಾಲೀಕರು ತಿದ್ದಲು ಒಪ್ಪದಿದ್ದರೆ ತನ್ನ ಪ್ರತಿಹೇಳಿಕೆಯನ್ನು ಬರೆದು ಕಳುಹಿಸಬಹುದು, ಮತ್ತು ಅವರು ಅದನ್ನು ಅವನ ಸುರಕ್ಷತಾ ದಾಖಲೆಗೆ ಲಗತ್ತಿಸಿ, ಮುಂದೆ ವಿಚಾರಿಸುವ ಕಂಪನಿಗಳಿಗೆ ಅದರ ಜೊತೆಯಲ್ಲೇ ಕೊಡಬೇಕು.